ಉಡಿ ತುಂಬಿಕೊಂಡು ಬಸ್ಸು ಹತ್ತಿದ ದಿನ

ನಮ್ಮ ಮಸ್ಕಿಯ ಶಾಲೆಯಲ್ಲಿ ಹತ್ತನೆಯವರನ್ನು ಸುಮ್ಮನೆ ಕಳಿಸುವುದಿಲ್ಲ. ಬೀಳ್ಕೊಡುಗೆಯ ದಿನ ಒಬ್ಬೊಬ್ಬರಾಗಿ ವೇದಿಕೆ ಹತ್ತಿ, ಶಾಲೆಯ ಒಂದು ನೆನಪು ಹೇಳಿ, ಮುಂದೆ ಏನಾಗುತ್ತೀರೆಂದೂ ಹೇಳಿ, ಕೆಳಗೆ ಕೂತವರು ಕೂಗುವುದನ್ನು ಕೇಳಿಸಿಕೊಂಡೇ ಇಳಿಯಬೇಕು. ನೆನಪುಗಳೆಂದರೆ ಎಲ್ಲರವೂ ಅವೇ. ಅಶೋಕನ ಶಾಸನದ ಕಲ್ಲು ನೋಡಲು ಗುಡ್ಡ ಹತ್ತಿ ಚಪ್ಪಲಿ ಹರಿದುಕೊಂಡದ್ದು, ಬಿಸಿಯೂಟದ ಸಾರಿನಲ್ಲಿ ಬೇಳೆ ಹುಡುಕಿದ್ದು, ಗಣಿತದ ಸರ್ ಬಂದರೆಂದರೆ ಅರ್ಧ ತರಗತಿಗೆ ಹೊಟ್ಟೆನೋವು ಶುರುವಾಗುತ್ತಿದ್ದದ್ದು.

ಭವಿಷ್ಯ ಮಾತ್ರ ಬೇರೆ ಬೇರೆ. ಓಟದಲ್ಲಿ ಸದಾ ಕೊನೆಗೆ ಬರುವವನೊಬ್ಬ ಪಿಎಸ್‌ಐ ಆಗುತ್ತೇನೆಂದ. "ನೀ ಬರೂ ತನಕ ಕಳ್ಳರು ನಿಂತ್ಕೊಂಡು ಕಾಯ್ತಾರೇನಲೇ?" ಎಂದು ಹಿಂದಿನಿಂದ ಪ್ರಶ್ನೆ ಬಂತು. ಇನ್ನೊಬ್ಬ ಹಟ್ಟಿಯ ಚಿನ್ನದ ಗಣಿಗೆ ಇಳಿಯುತ್ತೇನೆಂದ. ಸಿಂಧನೂರಿನ ಕಾಲುವೆ ಕಡೆ ಭತ್ತ ಕೊಯ್ಯುವ ಮಷೀನು ಓಡಿಸುತ್ತೇನೆಂದವನಿಗೆ ಎಲ್ಲರಿಗಿಂತ ಜೋರು ಚಪ್ಪಾಳೆ ಬಿತ್ತು, ಏಕೆಂದರೆ ಅವನು ಆಗಲೇ ತನ್ನ ಮಾವನ ಮಷೀನು ಓಡಿಸುತ್ತಿದ್ದ. ನಾನು ವಕೀಲಳಾಗುತ್ತೇನೆಂದೆ. ಹೆಡ್‌ಮಾಸ್ತರರು ಮೈಕು ಹಿಡಿದು, "ಆಗೂದೇನವ್ವ, ಎಂಟನೇತ್ತಿಂದ ವಕೀಲಿ ನಡಸಾಕತ್ತೀಯಲ್ಲ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಮೈಮೇಲೆ ಅವ್ವನ ರೇಷ್ಮೆ ಸೀರೆ ಇದ್ದದ್ದಕ್ಕೆ ಸುಮ್ಮನೆ ಕೆಳಗಿಳಿದೆ.

ನನ್ನ ನಂತರ ನನ್ನ ಗೆಳತಿಯ ಸರದಿ. ಒಂದೇ ಊರು, ಒಂದೇ ಓಣಿ, ಒಂದೇ ಬೆಂಚು. ಗಣಿತದ ಸರ್ ಬಂದರೆ ಹೊಟ್ಟೆನೋವು ಬಾರದ ಒಬ್ಬಳೇ ಹುಡುಗಿ ಅವಳು. ಮೈಕಿನ ಮುಂದೆ ನಿಂತಳು, ಒಂದು ನೆನಪು ಹೇಳಿದಳು, ಮುಂದಿನದು ಹೇಳದೆ ಇಳಿದುಬಿಟ್ಟಳು. ನಾಚಿಕೆ ಎಂದು ಎಲ್ಲರೂ ನಕ್ಕರು. ಪಕ್ಕದಲ್ಲಿ ಕೂತ ಮೇಲೆ ನನ್ನ ಕಿವಿಯಲ್ಲಿ, "ಏನಂತ ಹೇಳ್ಲಿ? ಐತವಾರ ಮುದಗಲ್‌ನವ್ರು ನನ್ನ ನೋಡಾಕ ಬರಾಕತ್ತಾರ" ಎಂದಳು. ಈಗ ಮಾತಷ್ಟೇ, ಮದುವೆ ಹದಿನೆಂಟು ತುಂಬಿದ ಮೇಲೆ ಎಂದು ಅವಳಪ್ಪ ಹೇಳಿದ್ದನಂತೆ. ಆದರೆ ಒಮ್ಮೆ ಮಾತು ಮುಗಿದರೆ ಕಾಲೇಜು ಬೇಡ ಎಂದು ಗಂಡಿನ ಕಡೆಯವರು ಮೊದಲೇ ಹೇಳಿ ಕಳಿಸಿದ್ದರು. ನನಗೆ ಆ ಕಾಣದ ಹುಡುಗನ ಮೇಲೂ ಅವನ ಮನೆತನದ ಮೇಲೂ ಸಿಟ್ಟು ಬಂತು.

ಕೊನೆಗೆ ಉಡಿ ತುಂಬುವ ಕಾರ್ಯಕ್ರಮ. ಹುಡುಗರಿಗೆ ಪೆನ್ನು, ಹುಡುಗಿಯರಿಗೆ ಉಡಿ. ಕನ್ನಡದ ಮೇಡಮ್ಮೋರು ಹಾಕಿಕೊಟ್ಟ ಪದ್ಧತಿ ಅದು. "ಇದೂ ನಿಮ್ಮ ತವರುಮನಿನ. ಖಾಲಿ ಉಡೀಲೆ ಕಳಸಂಗಿಲ್ಲ ನಾ" ಎನ್ನುತ್ತಿದ್ದರು. ಚಾಪೆಯ ಮೇಲೆ ಸಾಲಾಗಿ ಕೂಡಿಸಿ, ಹಣೆಗೆ ಕುಂಕುಮ ಹಚ್ಚಿ, ಕೈತುಂಬ ಹಸಿರು ಬಳೆ ತೊಡಿಸಿ, ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ರವಿಕೆಗೆಂದು ಕುಬಸದ ಕಣ ಹಾಕಿದರು. ಕುಂಕುಮ ಹಚ್ಚಿಕೊಳ್ಳದ ನಮ್ಮ ಮುಸ್ಲಿಂ ಗೆಳತಿಯರು ದುಪಟ್ಟಾ ಒಡ್ಡಿದರು, ಅವರಿಗೆ ಉತ್ತತ್ತಿ ಒಂದು ಹಿಡಿ ಹೆಚ್ಚೇ ಬಿತ್ತು. ಅಲ್ಲಿಯವರೆಗೆ ಹಲ್ಲು ಕಿಸಿಯುತ್ತಿದ್ದ ನಾವೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತೆವು.

ಅತ್ತು ಮುಗಿಸಿ ಲಿಂಗಸುಗೂರಿನ ಬಸ್ಸು ಹತ್ತಿದೆವು. ನಮ್ಮ ಊರು ಅದೇ ದಾರಿಯಲ್ಲಿ. ನನ್ನ ಉಡಿಯ ಅಕ್ಕಿಯನ್ನು ಆಗಲೇ ಚೀಲಕ್ಕೆ ಸುರಿದು, ಉತ್ತತ್ತಿ ತಿಂದು ಮುಗಿಸಿ, ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡಿದ್ದೆ. ಗೆಳತಿ ಮಾತ್ರ ತುಂಬಿದ ಉಡಿಯನ್ನು ಎರಡು ಕೈಯಲ್ಲಿ ಹಿಡಿದು, ಹೂ ಮುಡಿದು, ಅತ್ತು ಕೆಂಪಾದ ಕಣ್ಣಿನಲ್ಲಿ ಕೂತಿದ್ದಳು. ನಮ್ಮ ಕಡೆ ಹುಡುಗಿ ಗೊತ್ತಾದರೆ, ಎಂದರೆ ಸಂಬಂಧ ಕುದುರಿದರೆ, ಗಂಡಿನ ಕಡೆಯವರು ಹೊಸ ಸೀರೆ ಉಡಿಸಿ ಹೀಗೆಯೇ ಉಡಿ ತುಂಬುತ್ತಾರೆ. ಎದುರು ಸೀಟಿನ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ತಾನು ಮುದಗಲ್‌ನವಳೆಂದು ಹೇಳಿಕೊಂಡು, ಯಾವ ಊರು, ಯಾರ ಮಗಳು ಎಂದು ವಿಚಾರಿಸಿದಳು. ಗೆಳತಿ ಹೇಳಿದಳು.

"ಬೇಷಾತವ್ವ. ಹಿರ್ಯಾರು ಮುಂದ ಕುಂತಾರೇನು? ಎಲ್ಲಿಗೆ ಗೊತ್ತಾತು?"

"ಅದು ಹಂಗಲ್ಲಬೇ" ಎಂದು ಬಾಯಿ ತೆರೆದೆನೋ ಇಲ್ಲವೋ, ಗೆಳತಿಯ ಹೊಸ ಚಪ್ಪಲಿಯ ಹಿಮ್ಮಡಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ಎಂಥ ಏಟು ಅದು! ಕಣ್ಣಿಗೆ ಕತ್ತಲೆ ಬಂತು. ಅವಳು ಮಾತ್ರ ಸೆರಗು ಮುಂದಕ್ಕೆಳೆದುಕೊಂಡು ತಲೆ ತಗ್ಗಿಸಿದಳು.

"ನಾಚಿಕಿ ನೋಡು. ಸಿಂಧನೂರು ಕಡ್ಯಾವ್ರೇನು?" ಹೌದೆಂದು ತಲೆ ಅಲ್ಲಾಡಿತು. "ನೀರಾವರಿ ಹೊಲ ಇರಬೇಕು." ಮತ್ತೆ ಅಲ್ಲಾಡಿತು. ಹಿಂದಿನ ಸೀಟಿನ ಮುದುಕ ಹುಡುಗನಿಗೆ ಒಂದು ಟ್ರ್ಯಾಕ್ಟರು ಕೊಟ್ಟ, ಬಾಗಿಲಲ್ಲಿ ನಿಂತವನೊಬ್ಬ ಅದನ್ನು ಎರಡು ಮಾಡಿದ. ನಮ್ಮ ಊರು ಬರುವಷ್ಟರಲ್ಲಿ ವೇದಿಕೆಯಲ್ಲಿ ಭವಿಷ್ಯ ಹೇಳದ ಹುಡುಗಿಗೆ ಇಡೀ ಬಸ್ಸು ಸೇರಿ ಒಂದು ಭವಿಷ್ಯ ಕಟ್ಟಿಕೊಟ್ಟಿತ್ತು. ನಾವು ಇಳಿದೆವು, ಸುದ್ದಿ ಮುಂದಕ್ಕೆ ಹೋಯಿತು.

ಐತವಾರ ಅವಳ ಮನೆಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಯಾರಾಗಿತ್ತು. ಅವಳ ತಲೆ ಬಾಚಲು ನಾನೂ ಹೋಗಿದ್ದೆ. ಬೀಗರು ಬರಲಿಲ್ಲ, ಫೋನು ಬಂತು. ಎಲ್ಲರಿಗೂ ಕೇಳಿಸಲೆಂದು ಅವಳಪ್ಪ ಸ್ಪೀಕರ್ ಹಾಕಿದ. ಹಾಕಬಾರದಿತ್ತು.

"ಸಿಂಧನೂರು ಕಡಿಗೆ ಗೊತ್ತು ಮಾಡಿ, ಉಡಿ ತುಂಬಿಸಿ, ಮತ್ತ ನಮ್ಮನ್ನ ಯಾಕ ಕರೀತೀರಿ? ನಾವೇನು ಮಂದಿ ಅಲ್ಲೇನು?" ಎಂದಿತು ಅತ್ತ ಕಡೆಯ ದನಿ. ಇವನು ಬಾಯಿ ಬಿಡುವಷ್ಟರಲ್ಲಿ ಫೋನು ಇಟ್ಟರು.

ಅವಳಪ್ಪ ನೇರ ನನ್ನ ಕಡೆ ತಿರುಗಿದ. ಊರಲ್ಲಿ ಯಾವ ಮಾತು ಹೊರಬಿದ್ದರೂ ಮೊದಲು ನನ್ನ ಬಾಯಿಯನ್ನೇ ದೂರುವುದು ರೂಢಿ. ನನಗೆ ತಡೆಯಲಾಗಲಿಲ್ಲ. ಕಾಲು ಮುಂದಕ್ಕೆ ಚಾಚಿ ಕಪ್ಪಾದ ಉಗುರು ತೋರಿಸಿದೆ. "ನೋಡ್ರಿ ಕಾಕಾ, ಇದು ಸಾಲಿ ಉಡಿ ಅಂತ ಬಸ್ಸಿನ್ಯಾಗ ನಾ ಹೇಳಾಕ ಹೊಂಟಿದ್ದೆ. ಹೇಳಾಕ ಬಿಟ್ಟಿಲ್ಲ ನಿಮ್ಮ ಮಗಳು."

ಉಗುರು ನೋಡಿದ, ಮಗಳನ್ನು ನೋಡಿದ. "ಯಾಕ ತುಳದಿ?"

"ಅವ್ರು ಬರೂದು ಬ್ಯಾಡಾಗಿತ್ತಪ್ಪ" ಎಂದಳು. "ನಾ ಸಿಂಧನೂರಾಗ ಕಾಲೇಜಿಗೆ ಹೋಗಬೇಕು. ಲೆಕ್ಕ ಓದಬೇಕು. ನಿನಗ ಹೇಳಿದ್ರ ನೀ ಕೇಳ್ತಿದ್ದಿಲ್ಲ."

"ಮುದಗಲ್ ತನಕ ಮನಿ ಮರ್ಯಾದಿ ತಗದ್ಯಲ್ಲ! ಇನ್ನ ಯಾರು ಬರ್ತಾರ ನಿನ್ನ ನೋಡಾಕ?" ಎಂದು ಗುಡುಗಿದ. ಅವನು ಎದ್ದು ಹೋಗಿ ಹೊರಗೆ ಕಟ್ಟೆಯ ಮೇಲೆ ಕೂತ. ಇನ್ನು ಪರೀಕ್ಷೆಗೂ ಕಳಿಸುವುದಿಲ್ಲ ಎಂದು ನನಗೆ ಅನ್ನಿಸಿತು. ಹೆದರಿಕೆಯಾದರೆ ನನಗೆ ಹಸಿವು ಹೆಚ್ಚು. ಬೀಗರ ತಟ್ಟೆಯ ಮಿರ್ಚಿಗಳನ್ನು ಒಂದೊಂದಾಗಿ ಮುಗಿಸುತ್ತ, ಇಂಥ ಗೆಳತಿ ನನಗಿದ್ದಾಳಲ್ಲ ಎಂದು ಒಳಗೊಳಗೇ ಹೆಮ್ಮೆ ಪಟ್ಟೆ.

ಸಂಜೆಗೆ ಮತ್ತೆ ಫೋನು. ಈ ಸಲ ಲಿಂಗಸುಗೂರಿನಲ್ಲಿ ಸಂಬಂಧ ಹೇಳುವ ಒಬ್ಬ ಹಿರಿಯ. ಮುದಗಲ್‌ನದು ತಪ್ಪಿತಂತಲ್ಲ, ತನ್ನ ಬಳಿ ಬೇರೆ ಹುಡುಗನಿದ್ದಾನೆ, ನೌಕರಿಯೂ ಇದೆ, ಯಾವಾಗ ಕರೆತರಲಿ ಎಂದು ಕೇಳಿದ. ನಾವಿಬ್ಬರೂ ಬಾಗಿಲ ಹಿಂದೆ ನಿಂತು, ಕಟ್ಟೆಯಿಂದ ಬರುತ್ತಿದ್ದ ಫೋನಿನ ದನಿ ಕೇಳುತ್ತಿದ್ದೆವು. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಅವಳಪ್ಪ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಇಲ್ರಿ" ಎಂದ. "ಮುದಗಲ್‌ನವ್ರು ಕೇಳಿದ್ದು ಖರೇನ. ನಮ್ಮ ಹುಡುಗಿದು ಗೊತ್ತಾಗ್ಯೈತಿ."

ಫೋನನ್ನು ಜೇಬಿಗಿಟ್ಟು ಒಳಗೆ ಬಂದ. ನಮ್ಮ ಮುಖ ನೋಡಲಿಲ್ಲ, ಗೋಡೆಯ ಕಡೆ ನೋಡಿಕೊಂಡೇ ಮಗಳಿಗೆ ಹೇಳಿದ: "ನಿನ್ನ ಓದು ಮುಗಿಯೂ ತನಕ ಯಾರು ಕೇಳಿದ್ರೂ ಹಿಂಗ ಹೇಳ್ತೀನಿ. ಪುಸ್ತಕ ತಗೊಂಡು ಕುಂದ್ರು, ಹೋಗು."