ನೂಲಕ್ಕ ಅರ್ಧಕ್ಕೆ ಬಿಟ್ಟ ಗದ್ದ

ನಮ್ಮ ಬೀದಿಯ ಬ್ಯೂಟಿ ಪಾರ್ಲರಿನಾಕೆಗೆ ನೂಲಕ್ಕ ಎಂದೇ ಹೆಸರು ಬಿದ್ದಿದೆ. ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಬೆರಳಿಗೆ ಸುತ್ತಿ ಮುಖದ ಕೂದಲು ಕೀಳುವ ಥ್ರೆಡಿಂಗ್ ಆಕೆಯ ಕಸುಬು. ಹುಬ್ಬಿಗೆ ಬೀದಿಗೆ ಕಾಣುವ ಕುರ್ಚಿ, ಗದ್ದದ ಕೂದಲಿಗೆ ಪರದೆಯ ಹಿಂದಿನ ಕುರ್ಚಿ. ಪರದೆಯ ಹಿಂದೆ ಕೂತವರೂ ಹೊರಗೆ ಬಂದ ಮೇಲೆ ಹುಬ್ಬಿಗೆ ಬಂದವರೇ.

ನೂಲಕ್ಕನಿಗೂ ಪಿಸಿಓಡಿ. ಹಾರ್ಮೋನು ಏರುಪೇರಾಗಿ ಮುಟ್ಟು ತನಗೆ ತೋಚಿದಾಗ ಬರುತ್ತಿತ್ತು, ತೂಕವೂ ಗದ್ದದ ಕೂದಲೂ ಕರೆಯದೆಯೇ ಬಂದಿದ್ದವು. ಬಾಯಲ್ಲಿ ದಾರವಿದ್ದವಳು ತಿರುಗಿ ಮಾತಾಡಲಾರಳಲ್ಲ, ಕುರ್ಚಿಯಲ್ಲಿ ಕೂತವರೆಲ್ಲ ಬಿಟ್ಟಿ ವೈದ್ಯರು. ಮದುವೆಯಾದರೆ ಸರಿಹೋಗುತ್ತೆ ಎಂದರು. ಆದಳು. ಮನೆಯಲ್ಲಿ ಗೊರಕೆ ಹೊಡೆಯುವವನೊಬ್ಬ ಹೆಚ್ಚಾದ, ಅಷ್ಟೆ. ಮಗುವಾದರೆ ಸರಿಹೋಗುತ್ತೆ ಎಂದರು. ಅದೂ ಆಯಿತು. ಕೊನೆಗೆ ಡಾಕ್ಟರು ಕೊಟ್ಟ ಮಾತ್ರೆ ನುಂಗಿ, ದಿನಾ ಬಿರುಸಾಗಿ ನಡೆದು, ಸಿಹಿಗೆ ದೂರದಿಂದಲೇ ಕೈಮುಗಿದು ಹಿಡಿತಕ್ಕೆ ತಂದುಕೊಂಡಳು. ಅದನ್ನು ಹೇಳಹೊರಟರೆ ಮಾತ್ರ ಎಲ್ಲರಿಗೂ ಕಿವುಡು.

ಒಂದು ದಿನ ಮೂಲೆಮನೆಯಾಕೆ ಕಾಲೇಜು ಓದುವ ಮಗಳನ್ನು ಎಳೆದುಕೊಂಡು ಬಂದು ಪರದೆಯ ಹಿಂದೆ ಕೂರಿಸಿದಳು.

"ಗದ್ದ ನುಣ್ಣಗೆ ಮಾಡಿಬಿಡು ನೂಲಕ್ಕ. ನಾಳೆ ನೆಂಟರ ಮದುವೆ."

"ಮುಟ್ಟು ಸರಿಯಾಗಿ ಆಗ್ತಿದ್ಯೇನಮ್ಮಾ?" ನೂಲಕ್ಕ ಹುಡುಗಿಯನ್ನು ಕೇಳಿದಳು.

"ಆಗಿ ಎಷ್ಟೋ ತಿಂಗಳಾಯ್ತಕ್ಕ. ಭಯ ಆಗುತ್ತೆ." ಹುಡುಗಿಯ ಕಣ್ಣು ತುಂಬಿತ್ತು.

"ಡಾಕ್ಟರಿಗೆ ತೋರಿಸಿದ್ರಾ?"

"ಮದುವೆಯಾಗದ ಹುಡುಗಿ ಹೆಂಗಸರ ಡಾಕ್ಟರ ಹತ್ರ ಹೋದ್ರೆ ಜನ ಏನಂದ್ಕೋತಾರೆ?" ತಾಯಿ ರೇಗಿದಳು. "ಕೂದಲು ಹೋದ್ರೆ ಎಲ್ಲ ಹೋದ ಹಾಗೇ. ನೀನು ನಿನ್ನ ಕೆಲಸ ನೋಡು."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಈಕೆಗೆ ಗೋಡೆ ತುಂಬ ಕನ್ನಡಿ ಇದ್ದರೂ ಕಂಡದ್ದು ಕೂದಲೊಂದೇ.

ನೂಲಕ್ಕ ತನ್ನ ಕೆಲಸ ನೋಡಿದಳು. ಗದ್ದದ ಎಡಭಾಗ ನುಣ್ಣಗಾಯಿತು. ಆಗ ಹಲ್ಲಿನಿಂದ ದಾರ ತೆಗೆದಳು.

"ಉಳಿದದ್ದು ಡಾಕ್ಟರನ್ನ ನೋಡಿ ಬಂದ ಮೇಲೆ."

"ಹುಚ್ಚಾ ನಿಂಗೆ? ಹೀಗೆ ಬೀದೀಲಿ ಕರ್ಕೊಂಡು ಹೋಗ್ಲಾ? ಇನ್ನು ನಿನ್ನ ಮೆಟ್ಟಿಲು ತುಳಿಯಲ್ಲ!"

"ತುಳೀಬೇಡಿ."

ತಾಯಿ ಮಗಳ ಮುಖಕ್ಕೆ ವೇಲು ಸುತ್ತಹೋದಳು. ಹುಡುಗಿ ಅದನ್ನು ಕಿತ್ತೆಸೆದು, ಪರದೆ ಸರಿಸಿ, ಹುಬ್ಬಿಗೆ ಕಾದು ಕೂತವರು ಬಾಯಿ ಬಿಟ್ಟು ನೋಡುತ್ತಿದ್ದಂತೆ ಆಸ್ಪತ್ರೆಯ ಕಡೆಗೆ ಹೊರಟೇಬಿಟ್ಟಳು. ತಾಯಿ ವೇಲು ಹಿಡಿದುಕೊಂಡು ಹಿಂದೆಯೇ ಓಡಿದಳು. ಮಗಳ ಆರೋಗ್ಯಕ್ಕಾಗಿ ಆಕೆ ಓಡಿದ್ದು ಅದೇ ಮೊದಲು.

ಮದುವೆಗೆ ತಾಯಿಯೊಬ್ಬಳೇ ಹೋಗಿಬಂದಳಂತೆ. ಅದಾದ ಕೆಲವು ದಿನಕ್ಕೆ ಹುಡುಗಿ ಒಬ್ಬಳೇ ಬಂದಳು. ಮಾತ್ರೆ ಶುರುವಾಗಿತ್ತು. ನೂಲಕ್ಕ ಖುಷಿಯಿಂದ ಪರದೆ ಸರಿಸಿದಳು. ಹುಡುಗಿ ಮಾತ್ರ ಬೀದಿಗೆ ಕಾಣುವ ಕುರ್ಚಿಯಲ್ಲೇ ಕೂತಳು.

"ಹುಬ್ಬು ಮಾಡಿ, ಸಾಕು."

"ಗದ್ದ ಮುಗಿಸೋಣ ಬಾರೇ. ಮಾತು ಕೊಟ್ಟಿದ್ದೆ."

"ಬೇಡಕ್ಕ, ಇರ್ಲಿ. ಈ ಕೂದಲು ಹೋದ್ರೆ ಅಮ್ಮ ಮಾತ್ರೆನೂ ನಿಲ್ಲಿಸಿಬಿಡ್ತಾಳೆ."