ಆರನೆಯ ಕುರ್ಚಿಯ ಟವೆಲ್ಲಿಗೆ ಮೌನದ ಹಕ್ಕು

ನನ್ನ ಡೈರಿಯ ಪ್ರಕಾರ ಆರನೆಯ ಕುರ್ಚಿಯ ಮೇಲೆ ಆ ಟವೆಲ್ ಮೊದಲು ಕಂಡದ್ದು ಜನವರಿ 8ರಂದು. ಬಿಳಿ ಟವೆಲ್, ಕೆಂಪು ಅಂಚು, ಒಂದು ಮೂಲೆಯಲ್ಲಿ ಅರಿಸಿನದ ಕಲೆ. ಅದರ ಮಾಲೀಕನನ್ನು ನಮ್ಮಲ್ಲಿ ಯಾರೂ ಒಮ್ಮೆಯೂ ನೋಡಿರಲಿಲ್ಲ.

ಬೆಟಗೇರಿಯಲ್ಲಿ ಮಗ್ಗಗಳ ಮೇಲಿನ ಒಂದು ಹಾಲ್‌ನಲ್ಲಿ ನಾವು ಹದಿನಾಲ್ಕು ಜನ ಓದುತ್ತಿದ್ದೆವು. ಎಲ್ಲರೂ ರಾಜ್ಯಶಾಸ್ತ್ರ ಉಪನ್ಯಾಸಕರ ಪರೀಕ್ಷೆಗೆ ಕೂತವರು. ಮೇಜು-ಕುರ್ಚಿ ಹನ್ನೊಂದು, ಫ್ಯಾನು ಒಂದು. ಫ್ಯಾನಿನ ನೇರ ಕೆಳಗೆ ಇದ್ದದ್ದೇ ಆರನೆಯ ಕುರ್ಚಿ. ಹಾಲ್‌ನ ಕೀಲಿ ಹೊಂಬಳದಿಂದ ಬರುವ ಒಬ್ಬ ಅಣ್ಣನ ಹತ್ತಿರ ಇರುತ್ತಿತ್ತು. ಮೊದಲು ಬಂದು ಬಾಗಿಲು ತೆರೆಯುವವನು ಅವನೇ ಆದ್ದರಿಂದ ಅವನಿಗೆ ಎರಡು ಕುರ್ಚಿ: ಒಂದರಲ್ಲಿ ಅವನು, ಪಕ್ಕದ್ದರಲ್ಲಿ ಅವನ ಪುಸ್ತಕದ ಚೀಲ.

ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ತೂರಿದ ಟವೆಲ್ಲಿಗೆ ಮನುಷ್ಯನಷ್ಟೇ ಮಾನ್ಯತೆ. ಟವೆಲ್ ಬಿದ್ದ ಸೀಟು ಅವನದು, ಅವನು ಚಹಾ ಕುಡಿದು ನಿಧಾನ ಹತ್ತಿದರೂ ಸರಿ. ಲಕ್ಷ್ಮೇಶ್ವರದಿಂದ ದಿನಾ ಬರುವ ನಾನೂ ಹೀಗೆ ಸೀಟು ಹಿಡಿದೇ ಬರುತ್ತಿದ್ದೆ. ಹಾಲ್‌ನಲ್ಲೂ ಅದೇ ಕಾನೂನು ನಡೆಯುತ್ತಿತ್ತು. ಸಂಜೆ ಹೋಗುವಾಗ ಕುರ್ಚಿಯ ಮೇಲೆ ಟವೆಲ್ ಬಿಟ್ಟು ಹೋದರೆ ಮರುದಿನವೂ ಅದು ನಿಮ್ಮದೇ.

ಜನವರಿ 20ರಂದು ಮುಂಡರಗಿಯಿಂದ ಒಬ್ಬ ಅಕ್ಕ ಬಂದು ಸೇರಿದರು. ಮನೆಯ ಅಡುಗೆ ಮುಗಿಸಿ, ಮಗಳನ್ನು ಶಾಲೆಗೆ ಬಿಟ್ಟು ಬಸ್ಸು ಹತ್ತಿದರೆ ಹಾಲ್ ಮುಟ್ಟುವಾಗ ಹತ್ತೂವರೆ. ಅಷ್ಟು ಹೊತ್ತಿಗೆ ಎಲ್ಲ ಕುರ್ಚಿಗಳ ಮೇಲೂ ಜನ ಇಲ್ಲವೇ ಟವೆಲ್. ಅವರು ಮೆಟ್ಟಿಲ ಬಾಗಿಲಿನಲ್ಲಿ ಚಾಪೆ ಹಾಸಿ ಕೂರುತ್ತಿದ್ದರು. ಹೋಗಿ ಬರುವವರೆಲ್ಲ ಅವರ ನೋಟ್ಸು ದಾಟಿಯೇ ಹೋಗಬೇಕು. ಫೆಬ್ರುವರಿ 17ರವರೆಗಿನ ನನ್ನ ಲೆಕ್ಕ: ಅಕ್ಕ ಬಂದ ದಿನ ಇಪ್ಪತ್ತೈದು, ಕುರ್ಚಿ ಸಿಕ್ಕದ್ದು ಮೂರು ದಿನ, ಮುಗಿದ ಅಧ್ಯಾಯ ನಾಲ್ಕು.

"ಆ ಟವೆಲ್ ಒಂಚೂರು ಸರಿಸಿ ಕುಂದರ್ಲೇನ್ರಿ?" ಎಂದು ಅಕ್ಕ ಫೆಬ್ರುವರಿ 9ರಂದು ಕೇಳಿದರು.

"ಅಯ್ಯ, ಬ್ಯಾಡ್ರಿ ಅಕ್ಕಾರ," ಎಂದ ಹೊಂಬಳದ ಅಣ್ಣ. "ಇವತ್ತ ಅದನ್ನ ಎತ್ತಿದ್ರ ನಾಳೆ ನನ್ನದನ್ನೂ ಎತ್ತತಾರ. ಆಮ್ಯಾಲೆ ಯಾರ ಟವೆಲ್ಲಿಗೂ ಕಿಮ್ಮತ್ತ ಉಳಿಯಂಗಿಲ್ಲ."

"ಅದರ ಮಾಲಕರು ಒಂದಿನಾನೂ ಬಂದಿಲ್ಲಲ್ರಿ?"

"ಟವೆಲ್ ಬಂದೈತಲ್ರಿ."

ಅಕ್ಕ ಚಾಪೆಗೆ ಹೋದರು. ನಾನು ಹಿಂದೆ ಹೋಗಿ ನೀರಿನ ಬಾಟಲಿ ಕೊಟ್ಟೆ. "ನಂಗ ಇದ ಕಡೀ ಸಲ, ತಂಗಿ," ಎಂದರು. "ಮುಂದಿನ ಸಲಕ್ಕ ವಯಸ್ಸು ಮೀರತೈತಿ. ನಮ್ಮ ಅತ್ತೀನೂ ಈ ಪರೀಕ್ಷಾ ತನಕ ಅಷ್ಟ ಮಗಳನ್ನ ನೋಡ್ಕೋತೀನಿ ಅಂದಾರ."

ಆ ವಾರವೇ ಅಮೆರಿಕದ ಸಂವಿಧಾನದ ಪಾಠ ನಮ್ಮನ್ನೆಲ್ಲ ಕಾಡಲು ಶುರುಮಾಡಿತ್ತು. ಅಧಿಕಾರದ ಹಂಚಿಕೆ, ಒಬ್ಬರ ಮೇಲೊಬ್ಬರ ಹತೋಟಿ, ವ್ಯಕ್ತಿಯ ಹಕ್ಕುಗಳು, ತಿದ್ದುಪಡಿಗಳ ಸಂಖ್ಯೆ, ಇವು ಯಾರ ತಲೆಯಲ್ಲೂ ನಿಲ್ಲುತ್ತಿರಲಿಲ್ಲ. ಶಿರಹಟ್ಟಿಯ ಒಬ್ಬ ಅಣ್ಣ ಕಾನೂನು ಪದವಿ ಮಾಡಿ ಒಂದು ದಿನವೂ ಕೋರ್ಟಿಗೆ ಹೋಗದವನು. ಅವನೇ ಉಪಾಯ ಹೇಳಿದ: ಈ ಹಾಲ್ ಅನ್ನೇ ಅಮೆರಿಕದ ಸಂವಿಧಾನದಂತೆ ನಡೆಸೋಣ, ಓದದೆಯೇ ನೆನಪಿರುತ್ತದೆ.

"ನಮ್ಮ ಸಂವಿಧಾನದ ಪ್ರಕಾರನ ಮಾಡೂಣಲ್ಲಲೇ," ಎಂದ ಯಾರೋ.

"ನಮ್ಮದರ ಕೂಡ ಆಟ ಬ್ಯಾಡ. ಪರದೇಶದ್ದಾದ್ರ ಮುರುದ್ರೂ ಪಾಪ ಹತ್ತಂಗಿಲ್ಲ."

ಫೆಬ್ರುವರಿ 12ರಂದು ಸರಕಾರ ರಚನೆಯಾಯಿತು. ಕೀಲಿ ಇದ್ದವನು ಅಧ್ಯಕ್ಷ. ಕೆಳಮನೆಯಲ್ಲಿ ಹದಿನಾಲ್ಕೂ ಜನ. ಸೆನೆಟ್‌ಗೆ ನಮ್ಮ ನಾಲ್ಕು ತಾಲೂಕುಗಳಿಂದ ತಲಾ ಇಬ್ಬರು. ಮುಂಡರಗಿಯಿಂದ ಅಕ್ಕ ಒಬ್ಬರೇ ಇದ್ದುದರಿಂದ ಅವರ ತಾಲೂಕಿನ ಇನ್ನೊಂದು ಸ್ಥಾನ ಖಾಲಿ, ಒಟ್ಟು ಏಳು. ಶಿರಹಟ್ಟಿಯ ಅಣ್ಣ ಜೀವನಪರ್ಯಂತ, ಅಂದರೆ ಪರೀಕ್ಷೆಯವರೆಗೆ, ನ್ಯಾಯಾಧೀಶ. ಹೊಲಿಸಿಟ್ಟು ಎಂದೂ ಹಾಕದ ಕರಿ ಕೋಟನ್ನು ಅವನು ಮರುದಿನವೇ ಹಾಕಿಕೊಂಡು ಬಂದ. ಡೈರಿ ಬರೆಯುವವಳೆಂದು ನನ್ನನ್ನು ಗುಮಾಸ್ತೆ ಮಾಡಿದರು.

ಮೊದಲ ಮಸೂದೆ ಅಕ್ಕನದು: ಮೂರು ದಿನ ಮಾಲೀಕ ಬಾರದಿದ್ದರೆ ಟವೆಲ್ ತೆಗೆಯಬಹುದು. ಕೆಳಮನೆಯಲ್ಲಿ ಒಂಬತ್ತಕ್ಕೆ ಐದು, ಸೆನೆಟ್‌ನಲ್ಲಿ ನಾಲ್ಕಕ್ಕೆ ಮೂರು, ಪಾಸಾಯಿತು. ಅಧ್ಯಕ್ಷ ವೀಟೋ ಹಾಕಿದ. ವೀಟೋ ಮುರಿಯಲು ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗ ಬೇಕು. ಕೆಳಮನೆಯ ಹದಿನಾಲ್ಕರಲ್ಲಿ ಅದು ಹತ್ತು. ಮತ್ತೆ ಬಿದ್ದದ್ದು ಒಂಬತ್ತೇ.

ವಿರುದ್ಧ ಬಿದ್ದ ಐದರಲ್ಲಿ ಒಂದು ಮತ ನನ್ನದು. ಕಿಟಕಿ ಪಕ್ಕದ ಕುರ್ಚಿಯ ಮೇಲೆ ನನ್ನದೂ ಒಂದು ನೀಲಿ ಟವೆಲ್ ಇತ್ತು. ಊರಿಗೆ ಹೋದಾಗ ನಾಲ್ಕು ದಿನ ಬಾರದೆ ಇರುವುದು ನನಗೆ ಮಾಮೂಲಿ. ಇದನ್ನು ಡೈರಿಯಲ್ಲಿ ಅವತ್ತು "ಮತ: ಗುಪ್ತ" ಎಂದಷ್ಟೇ ಬರೆದಿದ್ದೇನೆ.

ಫೆಬ್ರುವರಿ 18ರಂದು ಅಕ್ಕ ನ್ಯಾಯಾಲಯಕ್ಕೆ ಹೋದರು. ಮಾಲೀಕ ಗೊತ್ತಿಲ್ಲದ್ದರಿಂದ ದಾವೆ ಟವೆಲ್ಲಿನ ಮೇಲೆಯೇ ಬಿತ್ತು. ಅಮೆರಿಕದಲ್ಲಿ ವಸ್ತುವಿನ ಮೇಲೂ ದಾವೆ ಹೂಡುತ್ತಾರೆಂದು ನ್ಯಾಯಾಧೀಶ ಪುಸ್ತಕ ತೆರೆದು ತೋರಿಸಿದ. ಬೆಟಗೇರಿಯವನೇ ಆದ ಒಬ್ಬ ಹುಡುಗ ಟವೆಲ್ಲಿನ ವಕೀಲನಾದ.

ಆದರೆ ಅರ್ಜಿದಾರರು ಚಾಪೆಯ ಮೇಲೆ ಕೂತರೆ ನ್ಯಾಯಾಲಯಕ್ಕೆ ಶೋಭೆಯಲ್ಲ. ಕುರ್ಚಿ ಬೇಕು. ನ್ಯಾಯಾಧೀಶ ಅಧ್ಯಕ್ಷನ ಚೀಲ ಕೂತಿದ್ದ ಕುರ್ಚಿಯನ್ನು ಸ್ವಾಧೀನ ಮಾಡಿಕೊಂಡ.

"ಏನ್ಲೇ, ನನ್ನ ಕುರ್ಚಿ ಹೆಂಗ ತಗೋತಿ?"

"ಐದನೇ ತಿದ್ದುಪಡಿ. ಸಾರ್ವಜನಿಕ ಕೆಲಸಕ್ಕ ಖಾಸಗಿ ಆಸ್ತಿ ತಗೋಬೌದು, ನ್ಯಾಯವಾದ ಪರಿಹಾರ ಕೊಟ್ಟು."

"ಪರಿಹಾರ?"

"ಒಂದ್ ಪ್ಲೇಟ್ ಗಿರಮಿಟ್."

"ಎರಡ ಮಿರ್ಚಿ ಭಜಿ ಸೇರಿಸಿ," ಎಂದ ಅಧ್ಯಕ್ಷ. ಚೀಲ ನೆಲಕ್ಕಿಳಿಯಿತು.

"ಹಂಗಾದ್ರ ಆ ಕುರ್ಚಿ ನಂಗ ಆತೇನ್ರಿ?" ಎಂದರು ಅಕ್ಕ.

"ಇಲ್ರಿ ಅಕ್ಕಾರ. ಒಬ್ಬರಿಂದ ಕಸದು ಇನ್ನೊಬ್ಬರಿಗೆ ಕೊಡಾಕ ಬರಂಗಿಲ್ಲ. ಅದು ಕೋರ್ಟಿನ ಕುರ್ಚಿ. ಖಟ್ಲೆ ಇರೂ ತನಕ ಅರ್ಜಿದಾರರು ಅದರಾಗ ಕುಂದರಬೇಕು, ಖಟ್ಲೆ ಮುಗಿದ ಮ್ಯಾಲೆ ಏಳಬೇಕು."

ಅಕ್ಕ ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ಕೂತು, ಸೆರಗು ಸರಿಮಾಡಿಕೊಂಡು, ನೋಟ್ಸು ಬಿಚ್ಚಿದರು.

ವಿಚಾರಣೆ ಶುರುವಾಯಿತು. ನ್ಯಾಯಾಧೀಶ ಟವೆಲ್ಲಿಗೆ ಕೇಳಿದ: "ನೀನು ಯಾರದು?" ಕೆಳಗಿನ ಮಗ್ಗಗಳ ಸದ್ದಷ್ಟೇ ಕೇಳಿತು. ವಕೀಲ ಎದ್ದು, "ತನ್ನ ವಿರುದ್ಧ ತಾನ ಸಾಕ್ಷಿ ಹೇಳು ಅಂತ ಯಾರನ್ನೂ ಒತ್ತಾಯ ಮಾಡಂಗಿಲ್ರಿ, ಸ್ವಾಮಿ. ಸುಮ್ಮನಿದ್ದದ್ದು ತಪ್ಪ ಒಪ್ಪಿದಂಗ ಅಲ್ಲ," ಎಂದ. ದಾಖಲಿಸಿದೆ: ಪ್ರಶ್ನೆ ಒಂದು, ಉತ್ತರ ಸೊನ್ನೆ.

ಫೆಬ್ರುವರಿ 24ರ ಹೊತ್ತಿಗೆ ನನಗೂ ಆಟ ಸಾಕಾಗಿತ್ತು. ಟವೆಲ್ಲಿನ ಮಡಿಕೆಯಿಂದ ಒಂದು ಬಸ್ ಟಿಕೆಟ್ಟಿನ ತುದಿ ಇಣುಕುತ್ತಿದ್ದುದನ್ನು ತೋರಿಸಿ, "ತಗದ ನೋಡೂಣ, ಯಾವ ಊರಾವ ಅಂತರ ತಿಳೀತೈತಿ," ಎಂದೆ. ಹೊಂಬಳದ ಅಣ್ಣ ಕೈ ಚಾಚಿದ.

"ಮುಟ್ಟಬ್ಯಾಡ್ರಿ!"

ಕೂಗಿದ್ದು ವಕೀಲನಲ್ಲ, ಅಕ್ಕ. ಕುರ್ಚಿಯಿಂದ ಎದ್ದು ನಿಂತಿದ್ದರು. "ವಾರಂಟ್ ಇಲ್ದ ಒಬ್ಬರ ಸಾಮಾನು ತಪಾಸ ಮಾಡ್ತೀರೇನ್ರಿ? ನಾಕನೇ ತಿದ್ದುಪಡಿ ಓದೀರಿಲ್ಲೋ?"

"ಅಕ್ಕಾರ, ನೀವ ಅದರ ಮ್ಯಾಲೆ ಖಟ್ಲೆ ಹಾಕಿದವ್ರು!" ಎಂದ ವಕೀಲ. ಅವನಿಗೆ ತನ್ನ ಕೆಲಸ ಹೋಯಿತೆಂಬ ಸಿಟ್ಟು.

"ಖಟ್ಲೆ ಬ್ಯಾರೆ, ಹಕ್ಕ ಬ್ಯಾರೆ."

ನ್ಯಾಯಾಧೀಶನಿಗೆ ಎಷ್ಟು ಖುಷಿಯಾಯಿತೆಂದರೆ ಅವನು ಅಕ್ಕನ ಆಕ್ಷೇಪ ಎತ್ತಿ ಹಿಡಿದು, ವಾರಂಟಿನ ಅರ್ಜಿ ಹೇಗಿರಬೇಕೆಂಬ ವಿಚಾರಣೆಗೇ ನಾಲ್ಕು ದಿನ ಕೊಟ್ಟ. ನಾನು ಅಕ್ಕನ ಕಡೆ ನೋಡಿದೆ. ಅವರು ಆಗಲೇ ಕೂತು ಹದಿನಾಲ್ಕನೆಯ ತಿದ್ದುಪಡಿಗೆ ಹಳದಿ ಗೆರೆ ಹಾಕುತ್ತಿದ್ದರು. ಟಿಕೆಟ್ಟಿನ ಮೇಲಿನ ಊರು ತಿಳಿದರೆ ಮಾಲೀಕ ಸಿಗುತ್ತಾನೆ. ಮಾಲೀಕ ಸಿಕ್ಕರೆ ಖಟ್ಲೆ ಮುಗಿಯುತ್ತದೆ. ಖಟ್ಲೆ ಮುಗಿದರೆ ಮತ್ತೆ ಚಾಪೆ. ಇಷ್ಟು ತಿಳಿಯಲು ನನಗೆ ಆರು ದಿನ ಹಿಡಿದಿತ್ತು.

ಪ್ರಮಾಣ ಮಾಡಿ ಹೇಳುವ ಸಾಕ್ಷಿ ಸಿಗದೆ ವಾರಂಟಿನ ಅರ್ಜಿ ಬಿದ್ದುಹೋಯಿತು. ಅಂದಿನಿಂದ ನಾನು ಗುಮಾಸ್ತೆಯ ಕೆಲಸವನ್ನು ಶ್ರದ್ಧೆಯಿಂದ ಕೆಡಿಸಿದೆ. ಮಾಲೀಕನಿಗೆ ಹೊರಡಿಸಿದ ನೋಟೀಸಿನಲ್ಲಿ ಟವೆಲ್ಲಿನ ಅಂಚು ಹಸಿರೆಂದು ಬರೆದೆ. ವಕೀಲ ಆಕ್ಷೇಪಿಸಿದ, ಎರಡು ದಿನ ಹೋಯಿತು. ತೀರ್ಪುಗಾರರ ಮಂಡಳಿಗೆ ಹನ್ನೆರಡು ಜನ ಬೇಕು, ಆದರೆ ನ್ಯಾಯಾಧೀಶ, ವಕೀಲ, ಅರ್ಜಿದಾರರು, ಅಧ್ಯಕ್ಷ, ಗುಮಾಸ್ತೆ ಕಳೆದರೆ ಒಂಬತ್ತೇ ಎಂದು ನೆನಪಿಸಿದೆ; ಕೆಳಗಿನ ನೇಕಾರರಲ್ಲಿ ಮೂವರನ್ನು ಕೇಳುವುದೆಂದಾಯಿತು. ಅವರಲ್ಲಿ ಹಿರಿಯರು ಮೇಲೆ ಬಂದು, ಟವೆಲ್ ನೋಡಿ, "ಇದು ನಾವ ನೇದದ್ದಲ್ಲ, ನಮಗ ಸಂಬಂಧ ಇಲ್ಲ," ಎಂದು ಇಳಿದು ಹೋದರು. ಮೂರು ದಿನ. ಕೊನೆಗೆ ಮಂಡಳಿ ಕೈಬಿಟ್ಟು ನ್ಯಾಯಾಧೀಶನೇ ತೀರ್ಮಾನಿಸುವುದೆಂದು ಎರಡೂ ಕಡೆಯವರು ಒಪ್ಪಿದರು. "ಶೀಘ್ರ ವಿಚಾರಣೆ ಬೇಕು!" ಎಂದು ಅಧ್ಯಕ್ಷ ಕೂಗಿದಾಗ, "ಆ ಹಕ್ಕು ಆರೋಪಿದು. ಟವೆಲ್ ಕೇಳೈತೇನ್ರಿ?" ಎಂದರು ಅಕ್ಕ, ಪುಸ್ತಕದಿಂದ ತಲೆ ಎತ್ತದೆ.

ಪರೀಕ್ಷೆ ಮಾರ್ಚ್ 22ಕ್ಕೆ. 20 ಹಾಲ್‌ನಲ್ಲಿ ಅಕ್ಕನ ಕೊನೆಯ ದಿನ. ಕೋರ್ಟು ಕೂತದ್ದು, ನಾಲ್ಕು ಭಾನುವಾರ ಬಿಟ್ಟು, ಇಪ್ಪತ್ತೇಳು ದಿನ. ಅಷ್ಟೂ ದಿನ ಅಕ್ಕ ಕುರ್ಚಿಯಲ್ಲಿ. ಮುಗಿದ ಅಧ್ಯಾಯ ಇಪ್ಪತ್ತೆರಡು. ಹಳೆಯ ನಾಲ್ಕು ಸೇರಿ ಇಪ್ಪತ್ತಾರು, ಅಂದರೆ ಪೂರ್ತಿ. ಸಂಜೆ ನಾಲ್ಕಕ್ಕೆ ಅಕ್ಕ ಪುಸ್ತಕ ಮುಚ್ಚಿ, ಅರ್ಜಿ ವಾಪಸ್ ಪಡೆಯುತ್ತೇನೆಂದು ಒಂದು ಸಾಲು ಬರೆದುಕೊಟ್ಟರು.

ನ್ಯಾಯಾಧೀಶನ ಮುಖ ಬಾಡಿತು. "ಹಂಗ ಮಾಡಬ್ಯಾಡ್ರಿ ಅಕ್ಕಾರ! ತೀರ್ಪ ಬರದೀನಿ. ಹನ್ನೊಂದ ಪುಟ!"

"ಐದರ ಬಸ್ ತಪ್ಪತೈತ್ರಿ."

ಅವನು ಕೋಟಿನಲ್ಲೇ ಹಿಂದೆ ಹೊರಟ. ನಾನೂ ಚೀಲ ಹಿಡಿದು ಹೋದೆ. ಆಟೋದಲ್ಲಿ ನಾಲ್ಕು ಪುಟ ಓದಿದ, ಗದಗ ಸ್ಟ್ಯಾಂಡಿನಲ್ಲಿ ನಡೆಯುತ್ತ ಮೂರು. ಮುಂಡರಗಿ ಬಸ್ಸು ಬಂತು. ಅಕ್ಕ ಹತ್ತಿ ಕಿಟಕಿ ಸರಿಸಿ ಕಿವಿಕೊಟ್ಟರು, ಪಾಪ ಅನ್ನಿಸಿರಬೇಕು. ಬಸ್ಸು ಮೆಲ್ಲಗೆ ಹೊರಳಿದಂತೆ ಅವನು ಪುಟ ಹಾರಿಸಿ ಕೊನೆಯ ಸಾಲಿಗೆ ಓಡಿದ, ಕಾಲಿನಲ್ಲೂ.

"ಆದ ಕಾರಣ ಟವೆಲ್ ನಿರ್ದೋಷಿ! ನಿಮ್ಮ ಅರ್ಜಿ ವಜಾ!"

"ಚಲೋ ಬರದೀರಿ!" ಎಂದು ಅಕ್ಕ ಕಿಟಕಿಯಿಂದ ಕೂಗಿದರು. "ಉಳದ ನಾಕ ಪುಟ ಪರೀಕ್ಷಾ ಮುಗಿಸಿ ಬಂದು ಕೇಳತೀನ್ರಿ!"

ನ್ಯಾಯಾಧೀಶ ಏದುಸಿರು ಬಿಡುತ್ತ ನಿಂತು, ಅದು ಮೆಚ್ಚುಗೆಯೋ ನ್ಯಾಯಾಲಯದ ನಿಂದನೆಯೋ ಎಂದು ನನ್ನನ್ನು ಕೇಳಿದ. ಬಸ್ಸು ಹೊರಟ ಸಮಯ ಐದು ಗಂಟೆ ನಾಲ್ಕು ನಿಮಿಷ ಎಂದು ಬರೆದುಕೊಂಡೆ.