ಕನ್ನಡಿ ನುಂಗಿದ ಬೆಳಕು

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಘಟಕ. ಭಾರೀ ಶಕ್ತಿಯ ಲೇಸರ್‌ಗಳಿಗೆ ಬೇಕಾದ ಕನ್ನಡಿಗಳಿಗೆ ತೆಳ್ಳನೆಯ ಲೇಪನ ಹಾಕುತ್ತಿದ್ದೆವು. ಆ ಲೇಪನ ಬೆಳಕನ್ನು ಚೂರು ಹೆಚ್ಚು ನುಂಗಿದರೂ ಕನ್ನಡಿ ಕಾದು ಹಾಳಾಗುತ್ತದೆ. ಎಷ್ಟು ನುಂಗುತ್ತದೆಂದು ಅಳೆಯುವುದು ನನ್ನ ಕೆಲಸ. ಮುಚ್ಚಿದ ಪೆಟ್ಟಿಗೆಯೊಳಗೆ ಕನ್ನಡಿ ಇಟ್ಟು, ಲೇಸರ್ ಬಿಟ್ಟು, ಅದು ಎಷ್ಟು ಬಿಸಿಯಾಯಿತೆಂದು ಕಂಪ್ಯೂಟರಿನ ಗೆರೆಯಲ್ಲಿ ನೋಡಬೇಕು. ಡಿಗ್ರಿಯ ಸಾವಿರದಲ್ಲೊಂದು ಪಾಲೂ ಅಲ್ಲಿ ದೊಡ್ಡದೇ.

ಲೇಪನ ಹಾಕುತ್ತಿದ್ದವರು ತಾಂಡವಪುರದ ಅಣ್ಣ. ನನಗೆ ಕೆಲಸ ಕಲಿಸಿದವರೂ ಅವರೇ. ಅವರ ಕನ್ನಡಿಗಳು ಎರಡು ಸಲ ವಾಪಸ್ ಬಂದಿದ್ದವು. ಮೂರನೇ ಸಲವೂ ಕೆಟ್ಟರೆ ಲೇಪನದ ವಿಭಾಗವನ್ನೇ ಮುಚ್ಚುತ್ತೇನೆಂದು ಮಾಲೀಕರು ಹೇಳಿಬಿಟ್ಟಿದ್ದರು.

ಆ ದಿನ ಗಿರಾಕಿಗಳೇ ನೋಡಲು ಬಂದರು. ಮಾಲೀಕರು, ಅಣ್ಣ, ಎಲ್ಲರೂ ನನ್ನ ಮೇಜಿನ ಸುತ್ತ ನಿಂತರು. ಬಂದವರಿಗೆ ಕಾಫಿ ಕೊಡದೆ ಇರುವುದುಂಟೇ? ಹಬೆಯಾಡುವ ಲೋಟಗಳ ಟ್ರೇ ನೇರವಾಗಿ ಪೆಟ್ಟಿಗೆಯ ಪಕ್ಕಕ್ಕೇ ಬಂದು ಕೂತಿತು. ಗೆರೆ ಏರತೊಡಗಿತು.

"ಏನಮ್ಮ, ಇದೂ ಹೋಯ್ತಾ?" ಮಾಲೀಕರು ಕೇಳಿದರು.

ನನಗೆ ಮೈಯೆಲ್ಲ ಉರಿಯಿತು. ಸಿಟ್ಟಿಗೆ ನಮ್ಮೂರ ಮಾತೇ ಬಾಯಿಗೆ ಬಂತು. "ಇನ್ನೂ ಲೇಸರ್ರೇ ಆಕಿಲ್ಲ ಸಾ! ಕಾಫಿ ತಕ್ಕೊಂಡು ಎಲ್ರೂ ಆಚೆಗೋಗಿ. ಅಣ್ಣ, ನೀವೂವೆ."

ಗಿರಾಕಿಗಳ ಮುಂದೆ ಮಾಲೀಕರನ್ನೇ ಹೊರಗೆ ಕಳಿಸಿದ್ದೆ. ಬಾಗಿಲು ಹಾಕಿಕೊಂಡೆ.

ಕಾಫಿಯ ಬಿಸಿ ಆರಿ ಗೆರೆ ಸಮವಾಗಲು ಅರ್ಧ ಗಂಟೆ ಹಿಡಿಯಿತು. ಲೇಸರ್ ಬಿಟ್ಟೆ. ಗೆರೆ ಮತ್ತೆ ಏರಿತು, ಗಿರಾಕಿಗಳು ಕೊಟ್ಟಿದ್ದ ಮಿತಿಯನ್ನೂ ದಾಟಿತು. ತಣಿಸಿ ಎರಡನೇ ಸಲ ನೋಡಿದೆ. ಮೂರನೇ ಸಲವೂ ಅಷ್ಟೇ. ಕೆಟ್ಟದ್ದು ಲೇಪನವೇ.

ಕಾಫಿಯ ಬಿಸಿಗೆ ಗೆರೆ ಏರಿದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಅಷ್ಟನ್ನು ಕಳೆದು ಬರೆದರೆ ಕನ್ನಡಿ ಪಾಸು, ಯಾರೂ ಕೇಳುವುದಿಲ್ಲ. ಬಾಗಿಲ ಗಾಜಿನಾಚೆ ಅಣ್ಣ ನನ್ನನ್ನೇ ನೋಡುತ್ತ ನಿಂತಿದ್ದರು. ಆ ನೋಟ ತಡೆಯಲಾಗಲಿಲ್ಲ. ಕೊನೆಗೆ, ಬಂದ ಅಂಕಿಯನ್ನೇ ಇದ್ದ ಹಾಗೆ ಪ್ರಿಂಟ್ ತೆಗೆದು ಬಾಗಿಲು ತೆರೆದೆ.

"ಮಿತಿ ದಾಟ್‌ಬುಟ್ಟದೆ ಕಣಣ್ಣ."

ಅವರು ಹಾಳೆಯನ್ನು ಎರಡು ಸಲ ಓದಿದರು. "ನನ್ ಮಕ ನೋಡ್ಕಂಡು ಎಲ್ಲಿ ಸುಳ್ ಬರ್ದ್‌ಬುಟ್ಟಿಯೋ ಅಂತ ಎದ್ರಿದ್ದೆ ಕಣವ್ವ" ಎಂದು ಹೇಳಿ, ಅದನ್ನು ಹಿಡಿದುಕೊಂಡು ಮಾಲೀಕರ ಕೋಣೆಗೆ ತಾವೇ ನಡೆದರು.

ವಿಭಾಗ ಮುಚ್ಚಿತು. ಅಣ್ಣ ಈಗ ಪ್ಯಾಕಿಂಗ್‌ನಲ್ಲಿದ್ದಾರೆ. ಸಂಜೆ ನಾನು ಟಿ. ನರಸೀಪುರದ ಬಸ್ಸಿಗೆ ಹೊರಟಾಗ ಕೈಯೆತ್ತುತ್ತಾರೆ. ಅಂದು ನಾನು ಸುಳ್ಳು ಅಂಕಿಯನ್ನು ಟೈಪ್ ಮಾಡಿ, ಆಮೇಲೆ ಅಳಿಸಿದ್ದೆನೆಂದು ಅವರಿಗೆ ಇವತ್ತಿಗೂ ಹೇಳಿಲ್ಲ.